ಐದು ವಿಶ್ವವಿದ್ಯಾಲಯ, ಒಂದು ಹೆರಿಗೆ ಕೋಣೆ

ಬುಧವಾರ ಮಧ್ಯಾಹ್ನ ಸುಕನ್ಯಾ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿಯ ಮುಚ್ಚಳ ತೆಗೆದಿದ್ದಳಷ್ಟೆ, ಫೋನು ಬಂತು. ಗೊತ್ತಿಲ್ಲದ ನಂಬರು. ರೊಟ್ಟಿ ಮುರಿಯುತ್ತಲೇ ಎತ್ತಿದಳು. ಆ ಕಡೆಯ ಹೆಂಗಸು ಇಂಗ್ಲಿಷಿನಲ್ಲಿ ಶುರು ಮಾಡಿದಳು: ತನ್ನ ಹೆಸರು ಪುಷ್ಪಲತಾ, ಆನ್‌ಲೈನ್ ಕೋರ್ಸಿನಲ್ಲಿ ಸುಕನ್ಯಾಳ ಬರಹಕ್ಕೆ ವಿಮರ್ಶೆ ಬರೆಯಲು ತನ್ನನ್ನೇ ನೇಮಿಸಿದ್ದಾರೆ, ಒಂದೆರಡು ಅನುಮಾನ ಕೇಳಬೇಕಿತ್ತು. ಮೂರ್ನಾಲ್ಕು ಮಾತಾಗುವಷ್ಟರಲ್ಲಿ ಇಂಗ್ಲಿಷು ಎಲ್ಲೋ ಜಾರಿಹೋಯಿತು.

"ನೀವು ಹರಪನಹಳ್ಳಿ ಕಡ್ಯಾರೇನ್ರಿ ಮೇಡಂ?"

"ಹೌದ್ರಿ. ನೀವು?"

"ನಮ್ದು ಕೊಟ್ಟೂರ್ರಿ. ನಿಮ್ಮ ಬರಹದಾಗ ಆ ಕಂಬಳಿ ತಂದಿದ್ದ ಅತ್ತಿ... ಆಕಿ ಯಾವ ಊರಾಕಿರಿ?"

ಮುರಿದ ರೊಟ್ಟಿ ಸುಕನ್ಯಾಳ ಕೈಯಲ್ಲೇ ಉಳಿಯಿತು. "ಅದನ್ನ ಹೇಳಾಕ ಬರಂಗಿಲ್ರಿ. ಹೆಸರು, ಊರು ಗುಟ್ಟಾಗಿ ಇಡಬೇಕಲ್ರಿ" ಎಂದಳು.

"ಹ್ಞೂಂ. ಅದೂ ಖರೇನ" ಎಂದು ಪುಷ್ಪಲತಾ ಫೋನ್ ಇಟ್ಟುಬಿಟ್ಟಳು.

ಸುಕನ್ಯಾ ಡಬ್ಬಿ ಮುಚ್ಚಿದಳು.

ಅವಳು ಹರಪನಹಳ್ಳಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ನಲವತ್ತು ಹತ್ತಿರ ಬಂದಾಗ ಪಿಎಚ್‌ಡಿ ಮಾಡುವ ಹಂಬಲ ಹುಟ್ಟಿತು. ಹೆರಿಗೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಹೆಂಗಸರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದೇ ಅವಳ ವಿಷಯ. ನರ್ಸಿಂಗಿನಲ್ಲಿ ಪಿಎಚ್‌ಡಿ ಮಾಡಿಸುವವರೇ ಕಡಿಮೆ. ಅದರಲ್ಲೂ ಜನರನ್ನು ಮಾತಾಡಿಸಿ, ಅವರ ಮಾತಿನಿಂದಲೇ ಸಂಶೋಧನೆ ಮಾಡುವುದನ್ನು ಕಲಿಸುವವರು ಇನ್ನೂ ಕಡಿಮೆ. ಹಾಗಾಗಿ ಬೇರೆ ಬೇರೆ ರಾಜ್ಯಗಳ ಐದು ವಿಶ್ವವಿದ್ಯಾಲಯಗಳು ಒಂದು ಏರ್ಪಾಡು ಮಾಡಿಕೊಂಡಿದ್ದವು. ಒಬ್ಬರಲ್ಲಿರುವ ಕೋರ್ಸನ್ನು ಉಳಿದ ನಾಲ್ವರ ವಿದ್ಯಾರ್ಥಿಗಳೂ ಆನ್‌ಲೈನಿನಲ್ಲಿ ಕೂತು ಕಲಿಯಬಹುದು. ಈ ಕೋರ್ಸನ್ನು ಕಲಿಸುವವರು ಕೇರಳದ ಒಬ್ಬ ಮೇಡಂ, ಕೂರುವವರು ನಲವತ್ತು ಮಂದಿ. ಈ ಸಲ ಪಾಸಾಗದಿದ್ದರೆ ಕೋರ್ಸು ಮತ್ತೆ ಬರುವುದು ಯಾವಾಗಲೋ, ಅಷ್ಟರಲ್ಲಿ ಸುಕನ್ಯಾಳ ನೋಂದಣಿಯ ಅವಧಿಯೇ ಮುಗಿದಿರುತ್ತಿತ್ತು.

ಕೋರ್ಸಿಗೊಂದು ನಿಯಮವಿತ್ತು. ಪ್ರತಿಯೊಬ್ಬರೂ ತಾವು ಮಾಡಿದ ಒಂದು ಸಂದರ್ಶನವನ್ನು ಹೆಸರು, ಊರು ಅಳಿಸಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಇನ್ನೊಬ್ಬರು ಅದನ್ನು ಓದಿ ವಿಮರ್ಶೆ ಬರೆಯಬೇಕು. ಒಂದೇ ವಿಶ್ವವಿದ್ಯಾಲಯದವರಿಗೆ ಪರಸ್ಪರ ಪರಿಚಯ, ದಾಕ್ಷಿಣ್ಯ ಇರುತ್ತದೆಂದು ಬೇಕೆಂದೇ ಬೇರೆ ಬೇರೆ ವಿಶ್ವವಿದ್ಯಾಲಯದವರನ್ನು ಜೋಡಿ ಮಾಡುತ್ತಿದ್ದರು. ಪುಣ್ಯಾತ್ಮರು ಎಷ್ಟು ಜಾಣತನ ಮಾಡಿದ್ದರೆಂದರೆ, ಬೇರೆ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಹೆಸರು ಹಚ್ಚಿದ ಕೊಟ್ಟೂರಿನವಳನ್ನು ತಂದು ಹರಪನಹಳ್ಳಿಯವಳ ಎದುರು ಕೂರಿಸಿದ್ದರು. ಕ್ಲಾಸಿನಲ್ಲಿ ಸುಕನ್ಯಾ ಆ ಹೆಸರನ್ನು ಎಷ್ಟೋ ಸಲ ನೋಡಿದ್ದಳು, ಎಲ್ಲಿಯ ಪುಷ್ಪಲತಾಳೋ ಏನೋ ಎಂದು ಸುಮ್ಮನಿದ್ದಳು.

ಅವಳು ಹಾಕಿದ್ದು ಓಬಮ್ಮನ ಮಾತು. ಓಬಮ್ಮ ಹೊಳೆ ಕಡೆಯ ಒಂದು ಹಳ್ಳಿಯ ಕುರಿ ಸಾಕುವ ಮನೆಯವಳು. ಹಳ್ಳಿಯ ಹೆಸರು ಇಲ್ಲಿ ಬೇಡ, ಸುಕನ್ಯಾ ಮಾಡಿದ ಎಡವಟ್ಟೇ ಸಾಕಷ್ಟಾಯಿತು. ಓಬಮ್ಮನ ಸೊಸೆ ಚಂದನಾಳಿಗೆ ಮೊದಲ ಹೆರಿಗೆ ಆಸ್ಪತ್ರೆಯಲ್ಲಾಯಿತು. ಆ ಮನೆಯಲ್ಲಿ ಬಸುರಿ ಹೆರುವಾಗ ಮೈಲಾರಲಿಂಗನ ಭಂಡಾರದ ಅರಿಸಿನ ಹಚ್ಚಿದ ಕರಿ ಕಂಬಳಿ ಅವಳ ಕೆಳಗಿರಬೇಕು. ಓಬಮ್ಮನಿಗೆ ಅವಳ ಅತ್ತೆ ಹಾಸಿದ್ದು, ಸೊಸೆಗೆ ಇವಳು ಹಾಸಬೇಕಾದ್ದು. ಓಬಮ್ಮ ಅದನ್ನು ಹೆರಿಗೆ ಕೋಣೆಗೆ ಒಯ್ದು ಮಂಚದ ಮೇಲೆ ಹಾಸಿದಳು. ದೊಡ್ಡ ಸಿಸ್ಟರು ಎಳೆದು ಹೊರಗಿನ ಮೊಗಸಾಲೆಗೆ ಒಗೆದಳು. ಚಂದನಾ ಕಂಬಳಿಗಾಗಿ ಕೈ ಚಾಚಿ ಕಿರುಚಿದಾಗ ಅವಳ ಕೆನ್ನೆಗೆ ಬಾರಿಸಿದಳು. ಇದನ್ನೆಲ್ಲ ಓಬಮ್ಮ ಅಂಗಳದಲ್ಲಿ ಕೂತು, ಯಾರ ಮೇಲೂ ಹರಿಹಾಯದೆ, ಒಂದೊಂದಾಗಿ ಹೇಳಿದ್ದಳು. ಸುಕನ್ಯಾ ಹೊರಟಾಗ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಇಟ್ಟು ಉಡಿ ತುಂಬಿ, "ಮನಿ ಮಗಳಾದಿ ಇನ್ನ" ಎಂದಿದ್ದಳು.

ಸುಕನ್ಯಾ ಹೆಸರು ಅಳಿಸಿದಳು, ಊರು ಅಳಿಸಿದಳು, ಆಸ್ಪತ್ರೆಯನ್ನೂ ಅಳಿಸಿದಳು. ಕಂಬಳಿಯನ್ನು ಅಳಿಸಲಿಲ್ಲ. ಕೇರಳದವರಿಗೆ, ಪುಣೆಯವರಿಗೆ ಕಂಬಳಿ ಅಂದರೆ ಕಂಬಳಿ, ಅದರಿಂದ ಯಾರಿಗೇನು ಗೊತ್ತಾಗುತ್ತದೆ ಅಂದುಕೊಂಡಳು. ದೂರದ ಕ್ಲಾಸು ದೂರದವರದೇ ಎಂದು ನಂಬಿದ್ದೇ ಅವಳ ತಪ್ಪು.

ಪಾಠ ಮುಗಿಸಿ ಮನೆಗೆ ಹೊರಟವಳು ದಾರಿಯಲ್ಲೇ ನಿಂತು, ಆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ತನ್ನ ಹಳೆಯ ವಿದ್ಯಾರ್ಥಿನಿಗೆ ಫೋನ್ ಮಾಡಿದಳು. ಅಲ್ಲಿ ಪುಷ್ಪಲತಾ ಅಂತ ಯಾರಾದರೂ ಇದ್ದಾರೇನು ಎಂದು ಆದಷ್ಟು ಹಗುರಾಗಿ ಕೇಳಿದಳು.

"ಪುಷ್ಪಲತಾ ಸಿಸ್ಟರ್ರಾ? ಹೆರಿಗಿ ವಾರ್ಡಿನ ಇನ್‌ಚಾರ್ಜ್ ಅವರ ಅಲ್ರಿ ಮೇಡಂ. ಕೊಟ್ಟೂರಿಂದ ಬಂದು ಹೋಗಿ ಮಾಡ್ತಾರ. ಯಾಕ್ರಿ?"

"ಏನಿಲ್ಲವ್ವ, ಸುಮ್ನ" ಎಂದಳು ಸುಕನ್ಯಾ. ಓಬಮ್ಮ ಹೇಳಿದ ದೊಡ್ಡ ಸಿಸ್ಟರು ಇವಳೇ.

ಚಂದನಾ ಈಗ ಎರಡನೆಯದಕ್ಕೆ ತುಂಬು ಬಸುರಿ. ಮೈಯಲ್ಲಿ ರಕ್ತ ಕಡಿಮೆ, ಮನೆಯಲ್ಲಿ ಹೆರಿಗೆ ಮಾಡಿಸಿದರೆ ಜೀವಕ್ಕೇ ಕುತ್ತು. ಗಂಡ ಹುಲುಗಣ್ಣ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ನೋವು ಬಂದರೆ ಆಂಬುಲೆನ್ಸು ಕರೆದೊಯ್ಯುವುದು ಅದೇ ಆಸ್ಪತ್ರೆಗೆ. ಅಲ್ಲಿಗೆ ಸತ್ತರೂ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದವಳನ್ನು ಎರಡು ತಾಸು ಕೂತು ಒಪ್ಪಿಸಿದ್ದು ಬೇರೆ ಯಾರೂ ಅಲ್ಲ, ಸುಕನ್ಯಾ. ಈಗ ಆ ಹೆರಿಗೆ ಕೋಣೆಯ ಬಾಗಿಲಲ್ಲಿ ನಿಲ್ಲುವವಳಿಗೆ ತನ್ನ ಮೇಲೆ ದೂರು ಹೇಳಿದವರು ಯಾರೆಂಬುದು ಗೊತ್ತಾಗಿಬಿಟ್ಟಿತ್ತು. ಊರು ಕೇಳಿದ್ದು ನೆಪ, ಕಂಬಳಿ ಎಸೆದವಳಿಗೆ ಕಂಬಳಿಯವರು ಮರೆತುಹೋದಾರೇ?

ಗುರುವಾರ ಕೇರಳದ ಮೇಡಂಗೆ ಮೇಲ್ ಬರೆದು, ಆ ಸಂದರ್ಶನವನ್ನು ತೆಗೆದುಹಾಕಬೇಕೆಂದು ಬೇಡಿಕೊಂಡಳು. ಕೋರ್ಸು ನಮ್ಮದು, ವಿದ್ಯಾರ್ಥಿ ನಮ್ಮವರಲ್ಲ, ನಿಮ್ಮ ವಿಶ್ವವಿದ್ಯಾಲಯದಿಂದ ಕೋರಿಕೆ ಬರಲಿ ಎಂದು ಉತ್ತರ ಬಂತು. ತನ್ನ ವಿಶ್ವವಿದ್ಯಾಲಯಕ್ಕೆ ಫೋನ್ ಹಚ್ಚಿದರೆ, ವಿದ್ಯಾರ್ಥಿ ನಮ್ಮವರು, ಕೋರ್ಸು ನಮ್ಮದಲ್ಲ, ಅಲ್ಲಿಯೇ ಕೇಳಿ ಅಂದರು. ಐದು ವಿಶ್ವವಿದ್ಯಾಲಯಗಳು ಸೇರಿ ಹಂಚಿಕೊಂಡಿದ್ದರಲ್ಲಿ ಹೊಣೆಯೊಂದು ಯಾರ ಪಾಲಿಗೂ ಬಂದಿರಲಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಗಿ ಸುಕನ್ಯಾ ಸುಮ್ಮನೆ ಕುಳಿತಳು.

ಶುಕ್ರವಾರ ಧೈರ್ಯ ಮಾಡಿ ಓಬಮ್ಮನಿಗೆ ಫೋನ್ ಮಾಡಿದರೆ ಎತ್ತಿದ್ದು ಚಂದನಾ.

"ಅಕ್ಕಾ! ಮುಂದಿನ ವಾರ ಆಗ್ತೈತಿ ಅಂದಾರ್ರಿ. ಬಟ್ಟಿಗಂಟು ಕಟ್ಟಿಟ್ಟೀನಿ. ನಂಗ ಅಲ್ಲೀದು ನೆನಸ್ಕಂಡ್ರ ಈಗ್ಲೂ ಕೈಕಾಲು ತಣ್ಣಗ ಆಗ್ತಾವು. ಆದ್ರೂ ನೀವು ಹೇಳೀರಿ ಅಂತ ಹೊಂಟೀನಿ."

ಸುಕನ್ಯಾ ಸಿಸ್ಟರಿನ ವಿಷಯ ಎತ್ತಲಿಲ್ಲ. "ಸೊಪ್ಪು, ಬೆಲ್ಲ ತಿನ್ನು, ಗುಳಿಗಿ ತಪ್ಪಿಸಬ್ಯಾಡ" ಎಂದಷ್ಟೇ ಹೇಳಿ ಇಟ್ಟಳು. ಆಮೇಲೆ ತನ್ನನ್ನು ತಾನೇ ಬೈದುಕೊಂಡಳು. ಮನೆಯಲ್ಲಿ ಗಂಡ ಅರುಣಕುಮಾರ್, "ಆ ಸಿಸ್ಟರ್ ಏನು ಮಾಡ್ಯಾಳು ಬಿಡು, ಆಕೀಗೂ ನೌಕರಿ ಭಯ ಇರ್ತೈತಿ" ಎಂದು ಸಮಾಧಾನ ಹೇಳಿದ. ಅದೇ ಸುಕನ್ಯಾಳ ಭಯ. ನೌಕರಿಗೆ ಹೆದರಿದವರ ಸಿಟ್ಟು ಎಲ್ಲಿ ಇಳಿಯುತ್ತದೆಂಬುದನ್ನು ಅವಳು ವಾರ್ಡುಗಳಲ್ಲಿ ಕಂಡವಳು. ಕೂಗಬೇಕಾಗಿಲ್ಲ, ಹೊಡೆಯಬೇಕಾಗಿಲ್ಲ, ಕರೆದಾಗ ಸ್ವಲ್ಪ ತಡವಾಗಿ ಬಂದರೆ ಸಾಕು.

ಶನಿವಾರ ಮಧ್ಯಾಹ್ನ ವಿಮರ್ಶೆಯ ಕ್ಲಾಸು. ಮನೆಯಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲವೆಂದು ಸುಕನ್ಯಾ ಯಾವಾಗಲೂ ಗಂಡನ ಮೆಕ್ಕೆಜೋಳದ ಅಂಗಡಿಯ ಮಾಳಿಗೆಯಲ್ಲಿ ಕೂರುತ್ತಿದ್ದಳು. ಕೆಳಗೆ ಹಮಾಲರು ಲಾರಿಗೆ ಚೀಲ ಏರಿಸುತ್ತಿದ್ದರು, ಕಿಟಕಿಯಿಂದ ಜೋಳದ ದೂಳು ಬರುತ್ತಿತ್ತು. ತೆರೆಯ ಮೇಲೆ ಒಂದೊಂದೇ ಮುಖ ಮೂಡಿತು. ಅವುಗಳಲ್ಲಿ ಪುಷ್ಪಲತಾಳದೂ ಒಂದು. ಐವತ್ತರ ಆಸುಪಾಸಿನ, ತಲೆ ಬಿಗಿಯಾಗಿ ಬಾಚಿದ ಹೆಂಗಸು. ಈ ಮುಖ ಏನು ಹೇಳಲಿದೆ? ಮುದುಕಿ ಸುಳ್ಳು ಹೇಳಿದ್ದಾಳೆ ಅಂತಲೇ? ನರ್ಸುಗಳ ಹೆಸರು ಕೆಡಿಸಲು ಬರೆದದ್ದು ಅಂತಲೇ?

ಸರದಿ ಬಂತು. ಪುಷ್ಪಲತಾ ಬರೆದುಕೊಂಡಿದ್ದನ್ನು ಪಕ್ಕಕ್ಕಿಟ್ಟು, ತಡವರಿಸದೆ ಇಂಗ್ಲಿಷಿನಲ್ಲಿ ಹೇಳಿದಳು. ಈ ಸಂದರ್ಶನದಲ್ಲಿ ಬರುವ ನರ್ಸ್ ತಾನೇ. ಆ ದಿನ ಮೂರು ಹೆರಿಗೆ ಒಟ್ಟಿಗೆ ಬಂದಿದ್ದವು, ವಾರ್ಡಿನಲ್ಲಿ ತಾನೊಬ್ಬಳೇ ಇದ್ದಳು. ಕಂಬಳಿಯಿಂದ ಸೋಂಕು ತಗುಲೀತೆಂಬ ಹೆದರಿಕೆಯೂ ನಿಜವೇ ಇತ್ತು. ಆದರೆ ಹೊಡೆದದ್ದಕ್ಕೆ ಇದ್ಯಾವುದೂ ಕಾರಣವಲ್ಲ. ಹೊಡೆಯುವುದು ಅಲ್ಲಿ ರೂಢಿಯಾಗಿತ್ತು, ತನ್ನ ಕೈಗೂ ರೂಢಿಯಾಗಿತ್ತು. ಆ ಹೆಂಗಸಿನ ಮಾತನ್ನು ಓದಿದ ಮೇಲೆ ತನಗೆ ನಿದ್ದೆ ಬಂದಿಲ್ಲ. ತಪ್ಪಾಯಿತು, ಕ್ಷಮೆ ಕೇಳುತ್ತೇನೆ.

ಆಮೇಲೆ ತೆರೆಯ ತುಂಬ ಚಪ್ಪಾಳೆ, ಕೈಮುಗಿದ ಚಿತ್ರ, ಕೆಂಪು ಹೃದಯ ಏಳತೊಡಗಿದವು. ಯಾರೋ ಮೂಗು ಒರೆಸಿಕೊಂಡರು. ಕೇರಳದ ಮೇಡಂ ಕನ್ನಡಕ ತೆಗೆದು, ಕೋರ್ಸನ್ನು ಹಂಚಿಕೊಳ್ಳುವುದು ಇಂಥದಕ್ಕೇ ಎಂದರು. ಸುಕನ್ಯಾಳ ಬರಹ ಈ ಸಲದ ಅತ್ಯುತ್ತಮ ಬರಹ ಎಂದೂ ಸೇರಿಸಿದರು. ಸುಕನ್ಯಾ ಕ್ಯಾಮೆರಾ ಆರಿಸಿ, ಜೋಳದ ಚೀಲಕ್ಕೆ ಒರಗಿ, ಮೂರು ದಿನದ ದಿಗಿಲೆಲ್ಲ ಇಳಿಯುವವರೆಗೆ ಅತ್ತಳು.

ಕ್ಲಾಸು ಮುಗಿದೊಡನೆ ಪುಷ್ಪಲತಾ ಫೋನ್ ಮಾಡಿದಳು. "ಮೇಡಂ, ಯಾರು ಅಂತ ನಂಗ ಗೊತ್ತೈತಿ. ಆ ಹುಡುಗಿನ್ನ ನನ್ನ ಡ್ಯೂಟಿಯಾಗ ಕಳಸ್ರಿ. ನಾ ಕೈಯಾಗ ಹಿಡ್ಕಂಡು ನೋಡ್ಕಂತೀನಿ."

ಇನ್ನೇನು ಬೇಕು? ಸುಕನ್ಯಾ ಆ ಖುಷಿಯಲ್ಲೇ ಓಬಮ್ಮನಿಗೆ ಫೋನ್ ಹಚ್ಚಿದಳು. ಈ ಸಲ ಓಬಮ್ಮನೇ ಎತ್ತಿದಳು. ಸುಕನ್ಯಾ ಎಲ್ಲವನ್ನೂ ಹೇಳಿದಳು: ಅವಳ ಮಾತನ್ನು ಕೋರ್ಸಿನಲ್ಲಿ ಹಾಕಿದ್ದು, ಆ ಸಿಸ್ಟರೇ ಅದನ್ನು ಓದಿದ್ದು, ತಾನು ಹೆದರಿದ್ದು, ಇವತ್ತು ಎಲ್ಲರೆದುರು ಆ ಸಿಸ್ಟರು ತಪ್ಪಾಯಿತು ಅಂದದ್ದು.

ಓಬಮ್ಮ ಕಡೆಗೆ ಕೇಳಿದಳು: "ಎಷ್ಟು ಮಂದಿ ಅದಾರವ್ವ ಅದರಾಗ?"

"ನಲವತ್ತು ಮಂದಿ ಅಮ್ಮ. ಐದು ಯೂನಿವರ್ಸಿಟಿಯವರು."

"ಅವರ ಮುಂದ ತಪ್ಪಾತು ಅಂದ್ಲಾ?"

"ಹ್ಞೂಂ ಅಮ್ಮ. ಎಲ್ಲಾರ ಮುಂದ."

"ಅವರಿಗೇನು ಹೊಡ್ದಿದ್ಲೇನು ಆಕಿ?"

ಕೆಳಗೆ ಹಮಾಲರು ಚೀಲ ಎಣಿಸುವ ಕೂಗು ಕೇಳುತ್ತಿತ್ತು.

"ಹೊಡಸ್ಕಂಡಾಕಿ ಇಲ್ಲಿ ಕಟ್ಟಿ ಮ್ಯಾಲ ಕುಂತು ಅವರಿ ಸುಲಿಯಾಕ ಹತ್ಯಾಳ. ಆಕೀಗೆ ಏನೂ ಗೊತ್ತಿಲ್ಲ. ಆಕಿ ಅತ್ತಿದ್ದು ನಲವತ್ತು ಮಂದಿಗೆ ಗೊತ್ತಾತು. ನೀನೂ ಅಷ್ಟ. ಎಲ್ಲಾರಿಗೂ ಓದಾಕ ಕೊಟ್ಟಿ, ಕೊಡ್ಲೇನು ಅಂತ ನಮ್ಮನ್ನ ಒಂದು ಮಾತು ಕೇಳ್ಲಿಲ್ಲ." ಬೈಗುಳವಾಗಿದ್ದರೆ ಸುಕನ್ಯಾ ತಡೆದುಕೊಳ್ಳುತ್ತಿದ್ದಳು. ಓಬಮ್ಮನ ದನಿ ಏರಲೇ ಇಲ್ಲ. "ಆ ಸಿಸ್ಟರ್‌ನ ಇಲ್ಲಿಗೆ ಬರಾಕ ಹೇಳು. ಚಂದನಾನ ಮುಂದ ಕುಂತು ಹೇಳ್ಲಿ. ಕೇಳಿದ ಮ್ಯಾಲ ಇಕಿ ಹೋಗ್ತೀನಿ ಅಂದ್ರ ಕರ್ಕಂಡು ಬರ್ತೀನಿ. ಇಲ್ಲಾಂದ್ರ ಇಲ್ಲ."

"ಅಮ್ಮ, ಆಕೀಗೆ ರಕ್ತ ಕಡಿಮಿ ಐತಿ, ಮನ್ಯಾಗ ಮಾತ್ರ ಬ್ಯಾಡ..."

"ಗೊತ್ತೈತವ್ವ. ಅದಕ್ಕ ಲಗೂನ ಬರಾಕ ಹೇಳು ಅನ್ನಾಕತ್ತೀನಿ."

ಫೋನ್ ಇಟ್ಟ ಮೇಲೆ ಸುಕನ್ಯಾಳಿಗೆ ಈಗಷ್ಟೇ ಹೊಗಳಿಸಿಕೊಂಡ ಬರಹ ನೆನಪಾಗಿ ನಾಚಿಕೆಯಾಯಿತು. ಪುಷ್ಪಲತಾಳಿಗೆ ಫೋನ್ ಮಾಡಿ, ಓಬಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು.

"ಅವರ ಮನಿಗೇನ್ರಿ?" ಎಂದಳು ಪುಷ್ಪಲತಾ. ನಲವತ್ತು ಮಂದಿಯ ಎದುರು ಒಮ್ಮೆಯೂ ನಡುಗದ ದನಿ ಈಗ ನಡುಗುತ್ತಿತ್ತು. "ಆ ಹುಡುಗಿ ಎದುರಿಗೇನ್ರಿ?"

"ಹೌದ್ರಿ. ನಾನೂ ಬರ್ತೀನಿ. ನಂದೂ ತಪ್ಪೈತಿ."

ಪುಷ್ಪಲತಾ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಫೋನನ್ನೂ ಇಡಲಿಲ್ಲ. ಸುಕನ್ಯಾ ಫೋನನ್ನು ಕಿವಿಗೊತ್ತಿಕೊಂಡು, ಅವಳ ಉಸಿರು ಕೇಳುತ್ತ ಕಾದಳು.