ಒಣಗಿದ ಗೋಡೆ

ಬೆಟ್ಟದ ನೆತ್ತಿಯ ಆ ಹಳೆಯ ಊರಿನ ಕಲ್ಲುಮನೆಗಳನ್ನು ದೂರದ ಶ್ರೀಮಂತರು ಒಂದೊಂದಾಗಿ ಕೊಂಡಿದ್ದರು. ಒಳಗೆ ಅಮೃತಶಿಲೆಯ ಬಚ್ಚಲು ಮಾಡಿಸಿ, ಕಣಿವೆಯ ಕಡೆಗೆ ಗೋಡೆಯಗಲದ ಗಾಜು ಕೂರಿಸಿ, ವರ್ಷಕ್ಕೆ ಒಂದೆರಡು ವಾರ ಬಂದು ಇದ್ದು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಆ ಮನೆಗಳನ್ನು ನೋಡಿಕೊಳ್ಳುತ್ತಿದ್ದವಳನ್ನು ಊರೆಲ್ಲ ಬೀಗದಕ್ಕ ಎಂದು ಕರೆಯುತ್ತಿತ್ತು.

ಅವಳ ಕೆಲಸ ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಯಾರೂ ಕೈ ತೊಳೆಯದ ಸಿಂಕಿಗೆ ಆಗಾಗ ನೀರು ಬಿಡಬೇಕು. ಇಲ್ಲದಿದ್ದರೆ ಕೆಳಗಿನ ಬಾಗಿದ ಕೊಳವೆಯಲ್ಲಿ ನಿಂತ ನೀರು ಆರಿಹೋಗಿ, ಚರಂಡಿಯ ಗಾಳಿ ನೇರವಾಗಿ ಮನೆಯೊಳಕ್ಕೆ ಬರುತ್ತದೆ. ಯಾರೂ ಮಲಗದ ಹಾಸಿಗೆಯನ್ನು ಮಗುಚಿ ಹಾಕಬೇಕು. ಯಾರೂ ತೆಗೆಯದ ಬಾಗಿಲಿನ ತಿರುಗಣಿಗೆ ಎಣ್ಣೆ ಬಿಡಬೇಕು. "ನಿನ್ನದು ಮನೆ ಕಾಯೋ ಕೆಲಸ ಅಲ್ಲ ಕಣೇ, ಮನೆಗೆ ಬೇಜಾರಾಗದ ಹಾಗೆ ನೋಡ್ಕೊಳ್ಳೋ ಕೆಲಸ" ಎಂದು ಅವಳ ತಂಗಿ ನಗುತ್ತಿದ್ದಳು.

ತಂಗಿಗೆ ಹೊಲಿಗೆ ಕೆಲಸ. ಗಂಡ ಬಿಟ್ಟುಹೋದ ಮೇಲೆ ಊರ ನಡುವಿನ ಒಂದು ಬಾಡಿಗೆ ಕೋಣೆಯಲ್ಲಿ ಇದ್ದಳು. ಆ ಕಟ್ಟಡವನ್ನೂ ಯಾರೋ ಕೊಂಡು ಪ್ರವಾಸಿಗರ ತಂಗುದಾಣ ಮಾಡಿದಾಗ, ಚಳಿ ಶುರುವಾಗುವ ಹೊತ್ತಿಗೆ ಸರಿಯಾಗಿ ಬೀದಿಗೆ ಬಿದ್ದಳು. ಬೀಗದಕ್ಕನದೋ ಒಂದೇ ಕೋಣೆಯ ಮನೆ. ಗಂಡ, ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಅಲ್ಲಿ ಹೊಲಿಗೆ ಮೆಶೀನಿಗಿರಲಿ, ಇನ್ನೊಂದು ಚಾಪೆಗೂ ಜಾಗವಿರಲಿಲ್ಲ. ಸೊಂಟದಲ್ಲಿ ಮಾತ್ರ ಖಾಲಿ ಮನೆಗಳ ಬೀಗದ ಕೈಗೊಂಚಲು ಜೋತಾಡುತ್ತಿತ್ತು. ಒಂದು ವಾರ ಹಿಂದೆ ಮುಂದೆ ನೋಡಿ, ಕೊನೆಗೆ ಮನಸ್ಸು ಗಟ್ಟಿ ಮಾಡಿ, ಅವಳು ತಂಗಿಯನ್ನು ಅವುಗಳಲ್ಲೊಂದಾದ ಮೂಲೆಮನೆಯಲ್ಲಿ ಇರಿಸಿದಳು. ಆ ಮನೆಯ ಒಡತಿ ಮೇಡಂ ಬೇಸಿಗೆಯಲ್ಲಿ ಬಿಟ್ಟರೆ ಬರುವವರಲ್ಲ.

ಆ ಮನೆಗೆ ಒಂದು ಕಾಯಿಲೆ ಇತ್ತು. ಬೆಟ್ಟಕ್ಕೆ ಅಂಟಿಕೊಂಡ ಹಿಂದಿನ ಗೋಡೆ ಸದಾ ಒದ್ದೆ. ಸುಣ್ಣ ಉಬ್ಬಿ ಉದುರುತ್ತಿತ್ತು, ಕಪ್ಪು ಬೂಷ್ಟು ಹಬ್ಬುತ್ತಿತ್ತು. ತಜ್ಞರು ಬಂದು ತಟ್ಟಿ ನೋಡಿ ಹೋಗಿದ್ದರು. ಕೊನೆಗೆ ಮೇಡಂ ತೇವ ತಡೆಯುವ ಬಣ್ಣದ ಡಬ್ಬಗಳನ್ನು ಕಳಿಸಿ, ಪೇಂಟರನ್ನು ಕರೆಸಿ ಹೊಡೆಸಿ ಎಂದಿದ್ದರು. ಪೇಂಟರ್ ಒಳಗೆ ಬಂದರೆ ತಂಗಿಯ ಗುಟ್ಟು ರಟ್ಟಾಗುತ್ತದೆ. ಡಬ್ಬಗಳು ಮೆಟ್ಟಿಲ ಕೆಳಗೇ ಉಳಿದವು. ತಂಗಿಯೇ ಬೂಷ್ಟು ಕೆರೆದು, ಗೋಡೆಗೆ ಒಂದು ಕೈ ಸುಣ್ಣ ಬಳಿದಳು. ಫೋನಿನಲ್ಲಿ ಮೇಡಂ "ಬಣ್ಣ ಹೊಡೆಸಿದ್ರಾ?" ಎಂದು ಕೇಳಿದಾಗ ಬೀಗದಕ್ಕ "ಹೂಂ" ಎಂದುಬಿಟ್ಟಿದ್ದಳು.

ಚಳಿಗಾಲ ಇನ್ನೂ ಅರ್ಧ ಬಾಕಿ ಇರುವಾಗ ಒಂದು ಸಂಜೆ ಮೇಡಂ ಮತ್ತೆ ಫೋನು ಮಾಡಿದರು. "ನಾಳೆ ದಲ್ಲಾಳಿ ಜೊತೆ ಬರ್ತಿದ್ದೀನಿ. ಮನೆ ಮಾರೋಣ ಅಂತ."

ಅಕ್ಕತಂಗಿಯರು ಮೆಶೀನನ್ನು ಹೊತ್ತು ಪಕ್ಕದ ಓಣಿಯ ಸೌದೆ ಕೊಟ್ಟಿಗೆಗೆ ಸಾಗಿಸಿದರು. ತಂಗಿ ನೆಲದ ಮೇಲೆ ಮಂಡಿಯೂರಿ ದಾರದ ಚೂರುಗಳನ್ನು ಹೆಕ್ಕುತ್ತಾ, "ಕಳ್ಳರು ಸಾಮಾನು ತಗೊಂಡು ಓಡ್ತಾರೆ. ನಾನು ನನ್ನ ಸಾಮಾನೇ ತಗೊಂಡು ಓಡ್ತಿದ್ದೀನಿ" ಎಂದಳು.

"ಬಾಯಿ ಮುಚ್ಚೇ. ನಾಳೆ ಎಲ್ಲಿ ಮಲಗ್ತೀಯ ಅಂತ ಯೋಚನೆ ಮಾಡು."

"ಮಾಡಿದ್ದೀನಿ. ಹೊಳೆದಿಲ್ಲ."

ಮರುದಿನ ಬಂದ ದಲ್ಲಾಳಿ ಒಂದು ಕ್ಷಣವೂ ಸುಮ್ಮನಿರುವ ಆಸಾಮಿಯಲ್ಲ. "ಆಹಾ, ಏನು ನೋಟ! ಕಣಿವೆ ಅಂದ್ರೆ ಇದು! ಇತಿಹಾಸದ ಮಡಿಲಲ್ಲಿ ಐಷಾರಾಮ, ಜಾಹೀರಾತಿಗೆ ಹಾಗೇ ಹಾಕೋಣ" ಎಂದು ಕೋಣೆಯಿಂದ ಕೋಣೆಗೆ ಸುತ್ತಿದ. ಹಿಂದಿನ ಗೋಡೆಯ ಹತ್ತಿರ ಬಂದಾಗ ಮಾತ್ರ ಮುಖ ಸಣ್ಣ ಮಾಡಿ, ಜೇಬಿನಿಂದ ತೇವ ಅಳೆಯುವ ಸಾಧನ ತೆಗೆದು ಅದರ ಎರಡು ಮೊನೆಗಳನ್ನು ಗೋಡೆಗೆ ಒತ್ತಿದ. ಇನ್ನೊಂದು ಕಡೆ ಒತ್ತಿದ. ಮೊಣಕಾಲೂರಿ ಕೆಳಗೂ ಒತ್ತಿದ.

"ಮೇಡಂ, ಇದು ಒಣಗಿದೆ!"

ಮೇಡಂ ಅಂಗೈಯನ್ನೇ ಗೋಡೆಯ ಮೇಲಿಟ್ಟರು. ತಣ್ಣಗಿತ್ತು, ಆದರೆ ಕೈಗೆ ಪಸೆ ಹತ್ತಲಿಲ್ಲ. ಅವರ ಮುಖ ಅರಳಿತು. "ನೋಡಿ, ಆ ಬಣ್ಣ ಕೆಲಸ ಮಾಡಿದೆ! ಇಷ್ಟು ವರ್ಷ ಇದೊಂದರಿಂದಲೇ ಮಾರೋಕೆ ಧೈರ್ಯ ಬಂದಿರಲಿಲ್ಲ."

ಬೀಗದಕ್ಕನಿಗೆ ಆಗ ಹೊಳೆಯಿತು. ಗೋಡೆ ಒಣಗಿಸಿದ್ದು ತಂಗಿ. ಬಾಗಿಲು ಮುಚ್ಚಿದ ಮನೆಯ ಗಾಳಿಯಲ್ಲಿನ ತೇವವೆಲ್ಲ ತಣ್ಣನೆಯ ಆ ಕಲ್ಲನ್ನೇ ಹುಡುಕಿಕೊಂಡು ಹೋಗಿ ಕೂರುತ್ತಿತ್ತು. ತಂಗಿ ಬಂದ ಮೇಲೆ ದಿನಾ ಒಲೆ ಉರಿಯಿತು, ಕಲ್ಲು ಬೆಚ್ಚಗಾಯಿತು, ಹೊಗೆ ಕೊಳವೆ ಒಳಗಿನ ಹಳೆ ಗಾಳಿಯನ್ನು ಎಳೆದು ಹೊರಹಾಕಿತು, ಬೆಳಿಗ್ಗೆ ಕಿಟಕಿ ತೆರೆದು ಹೊಸ ಗಾಳಿ ಬಂತು. ಮನೆಯ ಕಾಯಿಲೆ ವಾಸಿಯಾದದ್ದು ಹಾಗೆ. ವಾಸಿಯಾದ್ದರಿಂದಲೇ ಈಗ ಮನೆ ಮಾರಾಟವಾಗುತ್ತದೆ, ವಾಸಿ ಮಾಡಿದವಳು ಚಳಿಯಲ್ಲಿ ಹೊರಗೆ ನಿಲ್ಲುತ್ತಾಳೆ.

ಸುಮ್ಮನಿದ್ದರೆ ತನ್ನ ಕೆಲಸ ಉಳಿಯುತ್ತದೆ. ಒಂದು "ಹೂಂ" ಆಗಲೇ ಹೇಳಿಯಾಗಿದೆ, ಇನ್ನೊಂದು ಹೇಳಿದರೆ ಸಾಕು. ಆದರೆ ಕೊಂಡವರು ಬೀಗ ಹಾಕಿ ಹೋಗುತ್ತಾರೆ. ಮುಂದಿನ ಚಳಿಯಲ್ಲಿ ಬೂಷ್ಟು ಮತ್ತೆ ಬರುತ್ತದೆ. ಆಗ ಅದೇ ಗೋಡೆಯ ಮುಂದೆ ನಿಂತು ಅವರಿಗೂ ಸುಳ್ಳು ಹೇಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ತಂಗಿಯ ಕೆಲಸದ ಹೆಸರನ್ನು ಮುಚ್ಚಳ ತೆಗೆಯದ ಡಬ್ಬವೊಂದು ಹೊಡೆದುಕೊಂಡು ಹೋಗುವುದನ್ನು ಅವಳಿಂದ ನೋಡಲಾಗಲಿಲ್ಲ.

"ಬಣ್ಣ ಹೊಡೆಸಿಲ್ಲ ಮೇಡಂ," ಎಂದಳು. "ಡಬ್ಬ ಮೆಟ್ಟಿಲ ಕೆಳಗಿದೆ. ಇಲ್ಲಿ ನನ್ನ ತಂಗಿ ಇದ್ದಳು. ಒಲೆ ಹಚ್ಚುತ್ತಿದ್ದಳು, ಕಿಟಕಿ ತೆಗೀತಿದ್ದಳು. ಅದಕ್ಕೇ ಒಣಗಿದೆ."

ದಲ್ಲಾಳಿ ಸಾಧನವನ್ನು ಮತ್ತೊಮ್ಮೆ ಗೋಡೆಗೆ ಒತ್ತಿ ನೋಡಿದ.

"ನನ್ನ ಮನೇಲಿ? ನನಗೆ ಹೇಳದೆ?"

"ಹೌದು."

"ಒಂದು ಮಾತು ಕೇಳಬೇಕಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ."

"ಹೌದು. ಬೇಡ ಅಂತಲೇ ಹೇಳ್ತಿದ್ದೆ." ಮೇಡಂ ಮೆಟ್ಟಿಲ ಕೆಳಗೆ ಬಗ್ಗಿ ಡಬ್ಬಗಳನ್ನು ನೋಡಿ ಬಂದರು. "ಅವಳನ್ನ ಕರೀರಿ."

ತಂಗಿ ಓಣಿಯಿಂದ ಬಂದಳು, ತಲೆಗೆ ಅಂಟಿದ್ದ ಸೌದೆ ಚಕ್ಕೆಯ ಸಮೇತ. ತಪ್ಪಾಯಿತು ಎಂದಳು. ಅಳಲಿಲ್ಲ.

"ಮಾರೋವರೆಗೆ ಬೇಕಾದ್ರೆ ಇರಿ," ಎಂದರು ಮೇಡಂ. "ಗೋಡೆ ಹೀಗೇ ಇರುತ್ತೆ."

"ಬೇಡಮ್ಮ. ಗೋಡೆ ಕಾಯಿಸಿ ಆಮೇಲೆ ಎದ್ದು ಹೋಗು ಅಂದ್ರೆ, ನಾನೇನು ಇಸ್ತ್ರಿ ಪೆಟ್ಟಿಗೆನಾ? ಬಾಡಿಗೆ ತಗೊಳ್ಳಿ, ಕರಾರು ಮಾಡಿ, ಇರ್ತೀನಿ. ಕಡಿಮೆ ಕೊಡ್ತೀನಿ, ಆದರೆ ತಪ್ಪದೆ ಕೊಡ್ತೀನಿ."

"ತಂಗಿ, ಮಾರಾಟದ ಮನೆ ಇದು!" ದಲ್ಲಾಳಿ ನಡುವೆ ಬಾಯಿ ಹಾಕಿದ.

ಮೇಡಂ ಅವನತ್ತ ತಿರುಗಿದರು. "ಕೊಳ್ಳೋಕೆ ಬಂದವರಿಗೆ ಏನು ಹೇಳ್ತೀರಿ? ಗೋಡೆ ಒಣಗಿದೆ, ಆದರೆ ಬೀಗ ಹಾಕಬೇಡಿ ಅಂತಲಾ?"

ಅವನು ಸಾಧನವನ್ನು ಜೇಬಿಗಿಳಿಸಿದ.

ಮಾತು ಸಂಜೆಯವರೆಗೂ ನಡೆಯಿತು. ಕೊನೆಗೆ ಒಲೆ ಇದ್ದ ಕೆಳಗಿನ ಎರಡು ಕೋಣೆಗಳು ತಂಗಿಗೆ ಬಾಡಿಗೆಗೆ, ಮೇಲಿನ ಮಹಡಿ ಮೇಡಂಗೆ ಎಂದಾಯಿತು. ಮನೆ ಮಾರುವ ಮಾತು ಸದ್ಯಕ್ಕೆ ನಿಂತಿತು. ಹೊರಡುವಾಗ ಮೇಡಂ ಬೀಗದಕ್ಕನ ಮುಂದೆ ಕೈ ಚಾಚಿದರು. "ಈ ಮನೆ ಬೀಗದ ಕೈ ಕೊಟ್ಟುಬಿಡಿ. ಅವಳು ಬಾಡಿಗೆಯವಳು, ಅವಳಿಗೆ ಕೊಡ್ತೀನಿ. ನಿಮ್ಮ ಮೇಲೆ ನನಗೆ ಕೋಪ ಇಲ್ಲ. ಆದರೆ ನಂಬಿಕೆಯೂ ಉಳಿದಿಲ್ಲ."

ಬೀಗದಕ್ಕ ಕೊಟ್ಟಳು. ಅದು ನ್ಯಾಯವೇ ಎಂದು ಅವಳಿಗೂ ಅನ್ನಿಸಿತು. ಅನ್ನಿಸಿದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ. "ಬೇರೆ ಮನೆಯವರಿಗೆ ಹೇಳ್ತೀರಾ?" ಎಂದು ಕೇಳಿದಳು.

"ನಾನಾಗಿ ಹೇಳಲ್ಲ. ಕೇಳಿದ್ರೆ ಮುಚ್ಚಿಡಲ್ಲ."

ಮೇಡಂ ಕಾರಿನತ್ತ ನಡೆದರು. ದಲ್ಲಾಳಿ ಮಾತ್ರ ಏನೋ ಮರೆತವನಂತೆ ಹಿಂದಿರುಗಿ ಬಂದು, ದನಿ ತಗ್ಗಿಸಿ ಕೇಳಿದ:

"ಅಕ್ಕಾ, ಮೇಲಿನ ಬೀದಿಯಲ್ಲಿ ನನ್ನ ಕೈಲಿ ಇನ್ನೊಂದು ಮನೆ ಇದೆ. ಅಲ್ಲೂ ಗೋಡೆ ಒದ್ದೆ. ನಿಮಗೆ ಇನ್ನೊಬ್ಬ ತಂಗಿ ಇದ್ದಾಳಾ?"

"ತಂಗಿ ಇವಳೊಬ್ಬಳೇ," ಎಂದಳು ಬೀಗದಕ್ಕ. "ಇರೋಕೆ ಜಾಗ ಇಲ್ಲದವರು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಈ ಸಲ ಮನೆಯವರನ್ನ ಮೊದಲೇ ಕೇಳ್ಕೊಂಡು ಬನ್ನಿ."