ಕಣ್ಣಿಗೆ ಕುಂಕುಮ ಬಿದ್ದ ವರ್ಷ

ನಾನು ಒಂದು ಟ್ಯಾಬ್. ಎಲ್ಲಿ ಹುಟ್ಟಿದೆ ಎಂಬುದನ್ನು ನನ್ನ ಬೆನ್ನ ಮೇಲೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದಾರಂತೆ. ಬೆನ್ನು ನನಗೆ ಕಾಣುವುದಿಲ್ಲ, ಓದಿದವರು ಯಾರೂ ಹೇಳಲಿಲ್ಲ, ಆದ್ದರಿಂದ ಆ ಮಾತು ಬಿಡೋಣ. ನೆನಪಿರುವುದು ಇಷ್ಟೇ: ಬಿಳಿ ಕೈಗವಸು ತೊಟ್ಟ ಒಬ್ಬಳು ನನ್ನ ಬೆನ್ನಿಗೆ ಗಾಜಿನ ಸಣ್ಣ ಕಣ್ಣೊಂದನ್ನು ಕೂರಿಸಿ, ಬಟ್ಟೆಯಿಂದ ಒರೆಸಿ ಮುಂದಕ್ಕೆ ತಳ್ಳಿದಳು. ಬೆನ್ನಲ್ಲಿ ಕಣ್ಣಿರುವ ಜೀವ ನಾನು. ನಗಬೇಡಿ, ನನ್ನ ಕಥೆಯೆಲ್ಲ ಆ ಕಣ್ಣಿನದೇ.

ಆಮೇಲೆ ರಟ್ಟಿನ ಪೆಟ್ಟಿಗೆ, ಒಂದು ಲಾರಿ, ಇನ್ನೊಂದು ಲಾರಿ. ಪೆಟ್ಟಿಗೆ ತೆರೆದಾಗ ಬಾಗಲಕೋಟೆ ಸೀಮೆಯ ನೇಕಾರರ ಊರೊಂದರ ಸರ್ಕಾರಿ ಶಾಲೆಯಲ್ಲಿದ್ದೆ. ಓಣಿ ಓಣಿಗೂ ಕುಪ್ಪಸದ ಕಣ ನೇಯುವ ಮಗ್ಗ. ಕಿಟಕಿಯಿಂದ ದಿನವಿಡೀ ಖಟ್ ಖಟ್ ಸದ್ದು. ನಾವು ಆರು ಟ್ಯಾಬ್‌ಗಳು. ಹೆಡ್‌ಮಾಸ್ತರ್ ಚಿತ್ತರಗಿ ಸರ್ ನಮ್ಮ ಮೈಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಬಿಡಿಸದೆ ಕಬ್ಬಿಣದ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

"ಹುಡುಗರ ಕೈಯಾಗ ಕೊಟ್ರ ಒಂದು ವಾರ ಬಾಳಿಕಿ ಬರಂಗಿಲ್ಲ," ಎಂದರು.

"ಕಪಾಟಿನ್ಯಾಗ ಇಟ್ರ ಭಾಳ ವರ್ಷ ಬಾಳತಾವ್ರಿ ಸರ್. ಆದ್ರ ಶಾಣ್ಯಾ ಆಗೂದು ಕಪಾಟು," ಎಂದರು ಐದನೆಯ ತರಗತಿಯ ಬಾದವಾಡಗಿ ಟೀಚರ್.

ಸರ್ ನಕ್ಕರು. ಕೀಲಿ ಕೊಡಲು ಮಾತ್ರ ಮತ್ತೊಂದು ತಿಂಗಳು ಹಿಡಿಯಿತು.

ನಾಲ್ಕು ಮಕ್ಕಳಿಗೆ ಒಂದು ಟ್ಯಾಬ್. ನನ್ನ ಪಾಲಿಗೆ ಬಂದದ್ದು ಕೊನೆಯ ಸಾಲು. ಅಲ್ಲಿ ದಾನೇಶ್ವರಿ ಎಂಬ ಹುಡುಗಿ ಇದ್ದಳು, ಎಲ್ಲರ ಬಾಯಲ್ಲಿ ದಾನಿ. ಟೀಚರ್ ಬೋರ್ಡಿನ ಮೇಲೆ ಏನೇ ಬರೆಯಲಿ, ಅವಳ ನೋಟ್‌ಬುಕ್ ಮಾತ್ರ ಖಾಲಿ. ಒಂದು ದಿನ ಅವಳ ತಾಯಿ ನೀಲವ್ವ ತಲೆತುಂಬ ನೂಲಿನ ಧೂಳು ಹೊತ್ತುಕೊಂಡೇ ಶಾಲೆಗೆ ಬಂದಳು.

"ಅಕ್ಕೋರ, ಇಕಿ ತಲಿಗೆ ಓದು ಹತ್ತಂಗಿಲ್ಲ. ದೀಪಾವಳಿ ಮುಂದಿನ ಪರೀಕ್ಷಾ ಪಾಸಾದ್ರ ಸರಿ. ಇಲ್ಲಾಂದ್ರ ಸಾಲಿ ಬಿಡಿಸಿ ಮಗ್ಗಕ್ಕ ಕೂಡಸ್ತೀನಿ."

"ಕಣ್ಣು ತೋರಿಸೀರೇನು ಡಾಕ್ಟರಿಗೆ?"

ನೀಲವ್ವ ನಕ್ಕುಬಿಟ್ಟಳು. "ಕಣ್ಣಾ? ಸಾವಿರ ಎಳಿಯಾಗ ಹರಿದಿದ್ದ ಒಂದ ಎಳಿ ನನಗ ಸಿಗಂಗಿಲ್ಲ. ಅಕಿ ಬಗ್ಗಿ ನೋಡಿ ಗಂಟು ಹಾಕಿ ಏಳತಾಳ. ಹದ್ದಿನ ಕಣ್ಣು ಅಕೀದು."

ಟೀಚರ್ ನಂಬಿದರು. ನೇಕಾರರ ಊರಲ್ಲಿ ಕಣ್ಣಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ?

ಆ ವಾರವೇ ಪಕ್ಕದ ರಾಜಾಬಕ್ಷ ಆಟಕ್ಕೆಂದು ತರಗತಿಯ ಫೋಟೋ ತೆಗೆದ. ದಾನಿ ನನ್ನನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಎರಡು ಬೆರಳಿಂದ ಫೋಟೋ ಹಿಗ್ಗಿಸಿದಳು. ಬೋರ್ಡು ದೊಡ್ಡದಾಯಿತು, ಅದರ ಮೇಲೆ ಅಕ್ಷರಗಳು ಮೂಡಿದವು. ಅವಳ ಉಸಿರು ನನ್ನ ಗಾಜಿಗೆ ತಗುಲಿ ಮಂಜು ಕಟ್ಟಿತು. ಅಂದಿನಿಂದ ಟೀಚರ್ ಬರೆದು ಪಕ್ಕಕ್ಕೆ ಸರಿದರೆ ಸಾಕು, ನನ್ನನ್ನೆತ್ತಿ ಒಂದು ಕ್ಲಿಕ್. ನೋಟ್‌ಬುಕ್ ತುಂಬತೊಡಗಿತು.

"ಟೀಚರ್, ಇಕಿ ಬೋರ್ಡಿನ ಫೋಟೋ ತಗದು ತಗದು ಟ್ಯಾಬಿನ ಹೊಟ್ಟಿ ತುಂಬ್ಸ್ಯಾಳ್ರಿ. ಲಗ್ನದ ಆಲ್ಬಮ್ ಆಗೇತಿ," ಎಂದ ರಾಜಾಬಕ್ಷ.

"ತಗೀಲಿ ಬಿಡೋ. ಬರೀತಾಳಲ್ಲ, ನಿನ್ಹಂಗ ಕೂಡಂಗಿಲ್ಲ."

ಹೀಗೇ ಸಾಗಿದ್ದರೆ ದಾನಿ ಪಾಸಾಗುತ್ತಿದ್ದಳು. ಆದರೆ ದಸರಾ ರಜೆಯ ಮುನ್ನಾದಿನ ಶಾಲೆಯಲ್ಲಿ ಆಯುಧ ಪೂಜೆ ಮಾಡಿದರು. ಗಂಟೆ, ಕತ್ತರಿ, ಸರ್ ಅವರ ಬೈಕು, ಕೊನೆಗೆ ನಾವು ಆರು ಮಂದಿ. ಮುಖಕ್ಕೆ ಹಚ್ಚಿದರೆ ಗಾಜು ಹೊಲಸಾಗುತ್ತದೆಂದು ಸರ್ ನಮ್ಮನ್ನು ಬೋರಲು ಮಲಗಿಸಿದರು. ಬೆನ್ನ ಮೇಲೆ ಅವರಿಗೆ ದುಂಡಗಿನ ಗುರುತೊಂದು ಕಂಡಿತು, ಅದೇ ನನ್ನ ಕಣ್ಣು.

"ನೋಡ್ರಿ ಟೀಚರ್, ಕುಂಕುಮಕ್ಕಂತ ಜಾಗಾನ ಬಿಟ್ಟಾರ," ಎಂದು ಹಿಗ್ಗಿ, ಒದ್ದೆ ಕುಂಕುಮವನ್ನು ಹೆಬ್ಬೆರಳಿಂದ ಒತ್ತಿದರು. ನನ್ನ ಲೋಕ ಕೆಂಪಾಯಿತು. ಆಮೇಲೆ ಕತ್ತಲೆ.

ರಜೆ ಮುಗಿಯುವಷ್ಟರಲ್ಲಿ ಕುಂಕುಮ ಕಲ್ಲಿನಂತೆ ಒಣಗಿತ್ತು. ಪರೀಕ್ಷೆಗೆ ಹದಿನೈದು ದಿನ. ಟೀಚರ್ ಬೋರ್ಡಿನ ತುಂಬ ಪ್ರಶ್ನೆ ಬರೆದರು. ದಾನಿ ಫೋಟೋ ತೆಗೆದಳು, ಕೆಂಪು. ಲಂಗದ ತುದಿಯಿಂದ ಉಜ್ಜಿದಳು, ಇನ್ನೂ ಕೆಂಪು. ಪೆನ್ನು ಕೆಳಗಿಟ್ಟಳು.

"ಯಾಕ ದಾನಿ, ಬರಿ."

"ಟ್ಯಾಬಿಗೆ ಕಾಣವಲ್ದ್ರಿ ಟೀಚರ್."

"ಅದಕ್ಕ ಕಾಣದಿದ್ರ ಏನಾತು? ನೀ ಬೋರ್ಡ್ ನೋಡಿ ಬರಿ."

"ಬೋರ್ಡಿನ ಮ್ಯಾಲ ಬರೇ ಹೊಗಿ ಇರತೈತ್ರಿ. ಅಕ್ಷರ ಟ್ಯಾಬಿನ್ಯಾಗ ಬರತಾವು."

ತರಗತಿ ನಕ್ಕಿತು. ಟೀಚರ್ ನಗಲಿಲ್ಲ. "ಮತ್ತ ಉಳಿದವರು ಹೆಂಗ ಬರೀತಾರವ್ವ?"

"ನೀವು ಬರಿಯೋವಾಗ ನಿಮ್ಮ ಕೈ ಹೆಂಗ ಆಡತೈತಿ, ಅದನ್ನ ನೋಡಿ ತಿಳಕೊಂತಾರ ಅನಕೊಂಡಿದ್ದೆ ರೀ. ನನಗ ಅದು ಬರಂಗಿಲ್ಲ."

ಟೀಚರ್ ಬಂದು ಕೊನೆಯ ಬೆಂಚಿನ ಮೇಲೆ ಅವಳ ಪಕ್ಕ ಕುಳಿತರು. ಶಾಲೆ ಬಿಟ್ಟ ಮೇಲೆ ನನ್ನನ್ನೂ ಚೀಲಕ್ಕೆ ಹಾಕಿಕೊಂಡು ನೀಲವ್ವನ ಮನೆಗೆ ಹೋದರು.

"ಹತ್ತರದ್ದು ಕಂಡು ದೂರದ್ದು ಕಾಣಂಗಿಲ್ಲಂದ್ರ? ಹಂಗೂ ಇರತೈತೇನ್ರಿ?" ನೀಲವ್ವ ಮಗ್ಗ ನಿಲ್ಲಿಸಲಿಲ್ಲ.

ಟೀಚರ್ ದಾನಿಯನ್ನು ಹೊಸ್ತಿಲಲ್ಲಿ ನಿಲ್ಲಿಸಿದರು. "ಎದುರಿಗಿನ ಬೇವಿನ ಗಿಡದಾಗ ಏನೈತಿ ನೋಡು."

"ಹಸರು ಐತ್ರಿ."

ನೀಲವ್ವ ಕತ್ತೆತ್ತಿ ನೋಡಿದಳು. ಗಿಡದಲ್ಲಿ ಹಳದಿ ಗಾಳಿಪಟವೊಂದು ಸಿಕ್ಕಿಕೊಂಡು ಬಾಲ ಆಡಿಸುತ್ತಿತ್ತು. ಮಗ್ಗ ನಿಂತಿತು.

ಪರೀಕ್ಷೆಗೆ ಒಂದು ವಾರವಿರುವಾಗ ಕನ್ನಡಕ ಬಂತು. ಅದನ್ನು ಹಾಕಿಕೊಂಡು ದಾನಿ ಮೊದಲು ನೋಡಿದ್ದು ಬೋರ್ಡನ್ನಲ್ಲ.

"ಟೀಚರ್, ನಿಮ್ಮ ಗದ್ದದ ಮ್ಯಾಲ ಮಚ್ಚಿ ಐತಿ."

"ಹುಟ್ಟಿದಾಗಿಂದ ಐತವ್ವ," ಎಂದು ಟೀಚರ್ ಮುಖ ಆಚೆ ತಿರುಗಿಸಿಕೊಂಡರು.

ಅವಳು ಪಾಸಾದಳು. ನೀಲವ್ವ ಮತ್ತೆ ಮಗ್ಗದ ಮಾತೆತ್ತಲಿಲ್ಲ. ಬೋರ್ಡು ನೋಡಲು ದಾನಿಗೆ ನಾನು ಬೇಕಾಗಲಿಲ್ಲ. ನನಗೆ ತುಸು ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಚಿತ್ತರಗಿ ಸರ್ ಹತ್ತಿಯ ಕಡ್ಡಿ ಹಿಡಿದು ನನ್ನ ಕಣ್ಣು ಒರೆಸುತ್ತ, "ದೇವರ ಹೆಸರಿಲೆ ನಿನ್ನ ಕುರುಡ ಮಾಡಿದ್ನಲ್ಲಪಾ," ಎಂದರು. ಈಗ ಪ್ರತಿ ವರ್ಷ ಅಂಚಿಗಷ್ಟೇ ಕುಂಕುಮ ಇಡುತ್ತಾರೆ.

ದಾನಿ ಈಗ ಹೈಸ್ಕೂಲು. ನನ್ನ ಬ್ಯಾಟರಿ ಸೋತಿದೆ, ವೈರು ಕಿತ್ತರೆ ಪ್ರಾಣ ಹೋಗುತ್ತದೆ. ಕಿಟಕಿಯ ಪಕ್ಕದ ಗೂಡಿನಲ್ಲಿದ್ದೇನೆ. ಆದರೂ ಪ್ರತಿ ಜೂನ್‌ನಲ್ಲಿ ಟೀಚರ್ ನನ್ನನ್ನು ಎಬ್ಬಿಸುತ್ತಾರೆ. ಹೊಸ ಮಕ್ಕಳು ಒಬ್ಬೊಬ್ಬರಾಗಿ ಹಿಂದಿನ ಗೋಡೆಗೆ ಆತು ನಿಂತು ಮೊದಲು ಬೋರ್ಡು ಓದಬೇಕು, ಆಮೇಲೆ ನನ್ನಲ್ಲಿನ ಫೋಟೋ. ಎರಡೂ ಓದು ಬೇರೆಯಾದರೆ ಟೀಚರ್ ಹೆಸರು ಬರೆದುಕೊಂಡು ಸಂಜೆ ಅವರ ಮನೆಗೆ ಹೋಗುತ್ತಾರೆ. ಈ ಸಲ ಮೂರು ಹೆಸರು.

ನನ್ನ ಕಣ್ಣಿನ ಸಂದಿಯಲ್ಲಿ ಚೂರು ಕುಂಕುಮ ಇನ್ನೂ ಉಳಿದಿದೆ. ಅಂದಿನಿಂದ ನಾನು ತೆಗೆದ ಎಲ್ಲ ಫೋಟೋಗಳ ಒಂದು ಮೂಲೆ ಕೆಂಪಗಿರುತ್ತದೆ. ಸಂಜೆ ತೆಗೆದದ್ದು ಎಂದುಕೊಳ್ಳುತ್ತಾರೆ ಮಕ್ಕಳು. ಇರಲಿ, ಅಕ್ಷರ ಕಂಡರೆ ಸಾಕು.