ಬಾಗಿಲು ತಟ್ಟಿದ ಕೈ

ರಾತ್ರಿ ಎಂಟಕ್ಕೆ ಬಾಗಿಲ ಸದ್ದಾಯಿತು. ಒಂದು ತಟ್ಟು. ಬಹಳ ಹೊತ್ತಿನ ಮೇಲೆ ಇನ್ನೊಂದು.

ಒಲೆಯ ಮುಂದಿದ್ದ ವೆಲ್ಡರನ ಹೆಂಡತಿ ಕಿವಿಗೊಟ್ಟಳು. ಗಂಡನದು ಹದಿನೆಂಟು ವರ್ಷದಿಂದ ಒಂದೇ ಪದ್ಧತಿ: ಟಕ್ ಟಕ್ ಟಕ್, ಅವಸರದ ಮೂರು ತಟ್ಟು. ಇದು ಅವನಲ್ಲ. ಸೌಟು ಹಿಡಿದೇ ಬಾಗಿಲು ತೆಗೆದರೆ, ನಿಂತಿದ್ದವನು ಅವನೇ.

ಎತ್ತಿದ ಸೌಟನ್ನು ಕಂಡರೂ ಅವನ ಮುಖದಲ್ಲಿ ನಗೆಯ ಸುಳಿವಿಲ್ಲ. ಇಡೀ ಬೀದಿಯನ್ನು ನಗಿಸುತ್ತಿದ್ದ ಮುಖವದು.

ಅಂದಿನಿಂದ ಮನೆಯಲ್ಲಿ ಪತ್ತೇದಾರಿಕೆ ಶುರುವಾಯಿತು. ಎದುರು ಮನೆಯಾಕೆ ಇದು ಕುಡಿತವೆಂದು ತೀರ್ಪು ಕೊಟ್ಟಳು. ಹೆಂಡತಿ ಮೂಸಿ ನೋಡಿದಳು. ಸುಟ್ಟ ಕಬ್ಬಿಣದ ವಾಸನೆಯ ಹೊರತು ಬೇರೇನೂ ಇಲ್ಲ. ಮಗಳು ಇನ್ನೊಂದು ಸುಳಿವು ತಂದಳು: ಶಾಲೆಯ ಪತ್ರಕ್ಕೆ ಅಪ್ಪ ಹಾಕಿದ ಸಹಿ ಕಡಲೆಯ ಗಾತ್ರದಲ್ಲಿ ಹೊರಟು ಸಾಸಿವೆಯ ಗಾತ್ರಕ್ಕೆ ಮುಗಿದಿತ್ತು. ವಯಸ್ಸಾಯಿತೆಂದು ವೆಲ್ಡರ್ ತಳ್ಳಿಹಾಕಿದ. ಅವನಿಗೆ ನಲವತ್ತೆರಡು. ಹೆಂಡತಿಯ ಬಳಿ ಮಾತ್ರ ನಿಜ ಹೇಳಿದ: ಬೆಸುಗೆಯ ಗೆರೆ ನೆಟ್ಟಗೆ ಬರುತ್ತಿಲ್ಲ, ಈ ಕೈ ಹೋದರೆ ತನಗೆ ಬೇರೇನು ಗೊತ್ತು?

ಭಾನುವಾರ ಅವನ ಅಕ್ಕ ಬಂದಳು. ಆಕೆ ಕಾರ್ಮಿಕರ ಆಸ್ಪತ್ರೆಯಲ್ಲಿ ನರ್ಸ್. ಸಹಿಯ ಕಥೆ ಕೇಳಿ, ಅಂಗಳದಲ್ಲಿ ಹಿಮ್ಮುಖವಾಗಿ ನಡೆದು ತೋರಿಸಲು ತಮ್ಮನಿಗೆ ಹೇಳಿದಳು. ನಾಲ್ಕನೆಯ ಹೆಜ್ಜೆಗೆ ಅವನು ನೀರಿನ ತೊಟ್ಟಿಯಲ್ಲಿ ಕುಳಿತಿದ್ದ. ಎಲ್ಲರೂ ನಕ್ಕರು, ಅಕ್ಕ ನಗಲಿಲ್ಲ. ಮರುದಿನ ನೇರವಾಗಿ ಅವನು ಕೆಲಸ ಮಾಡುವ ಶೆಡ್ಡಿಗೇ ನುಗ್ಗಿದಳು. ಸುತ್ತ ಟಾರ್ಪಾಲು, ಮುಚ್ಚಿದ ಕಿಟಕಿ, ನಿಂತ ಫ್ಯಾನು. ನೆಗಡಿಗೆ ಆವಿ ತೆಗೆದುಕೊಳ್ಳುವವನಂತೆ ಅವನು ಬೆಸುಗೆಯ ಹೊಗೆಯ ಮೇಲೆಯೇ ಬಗ್ಗಿದ್ದ.

"ಫ್ಯಾನ್ ಯಾಕೋ ಆರಿಸಿದೀಯ?"

"ಗಾಳಿ ತಾಗಿದ್ರೆ ಬೆಸುಗೇಲಿ ತೂತು ಬೀಳುತ್ತೆ ಅಕ್ಕ. ನಿಂಗೆ ಈ ಕೆಲಸ ಗೊತ್ತಿಲ್ಲ."

"ಈ ಹೊಗೆ?"

"ಮುಖಕ್ಕೆ ಕವಚ ಇದೆಯಲ್ಲ. ಸಂಜೆ ಒಂದು ಲೋಟ ಹಾಲು ಕುಡೀತೀನಿ, ಎಲ್ಲ ಇಳಿದುಹೋಗುತ್ತೆ."

"ಹಾಲು ಹೋಗೋದು ಹೊಟ್ಟೆಗೆ, ಹೊಗೆ ಹೋಗೋದು ಶ್ವಾಸಕೋಶಕ್ಕೆ. ಇಬ್ಬರೂ ದಾರೀಲಿ ಭೇಟಿನೇ ಆಗಲ್ಲ ಕಣೋ."

ಕವಚ ತಡೆಯುವುದು ಬೆಳಕನ್ನು ಮತ್ತು ಕಿಡಿಯನ್ನು, ಹೊಗೆಯನ್ನಲ್ಲ ಎಂದು ಅಕ್ಕ ಬಿಡಿಸಿ ಹೇಳಿದಳು. ಬೆಸುಗೆಯ ತಂತಿಯಲ್ಲಿರುವ ಒಂದು ಲೋಹ ಹೊಗೆಯಾಗಿ ಉಸಿರಿನೊಳಗೆ ಇಳಿಯುತ್ತದೆ. ರಕ್ತದೊಡನೆ ಮಿದುಳಿಗೆ ಏರಿ, ನಡಿಗೆ, ಬರಹ, ಮುಖದ ನಗೆ ಇವನ್ನೆಲ್ಲ ಆಳುವ ಜಾಗದಲ್ಲೇ ಠಿಕಾಣಿ ಹೂಡುತ್ತದೆ. ನರರೋಗದ ವೈದ್ಯರು ಪರೀಕ್ಷಿಸಿ ಅದನ್ನೇ ಖಚಿತಪಡಿಸಿದರು. ಕಳೆದದ್ದೆಲ್ಲ ಮರಳುತ್ತದೆಂಬ ಭರವಸೆ ಕೊಡಲಿಲ್ಲ. ಆದರೆ ಬೇಗ ಬಂದಿದ್ದೀರಿ, ಇಂದಿನಿಂದಲೇ ಹೊಗೆಯಿಂದ ದೂರವಿರಿ ಎಂದರು.

ವಿಷಯ ತಿಳಿದ ಶೆಡ್ಡಿನ ಮೇಸ್ತ್ರಿ ಹೊಗೆ ಹೀರುವ ಕೊಳವೆ ತರಿಸಿದ. ವೆಲ್ಡರನಿಗೆ ಆಗಲೂ ತೂತು ಬೀಳುವ ಅನುಮಾನ. ಕೊಳವೆಯ ಬಾಯನ್ನು ಬೆಸುಗೆಯ ಪಕ್ಕಕ್ಕಿಟ್ಟು, ಜೊತೆಗಾರನಿಂದ ಒಂದು ಜೋಡಣೆ ಮಾಡಿಸಿ, ಅದನ್ನು ಕೊಯ್ದು ಒಳಗೆಲ್ಲ ನೋಡಿದ. ಒಂದೂ ತೂತಿಲ್ಲ. ಅಂದೇ ತನ್ನ ಕೈಯಾರೆ ಟಾರ್ಪಾಲು ಬಿಚ್ಚಿದ. ಈಗ ಅವನದು ಬೇರೆಯವರ ಬೆಸುಗೆಯಲ್ಲಿ ತಪ್ಪು ಹುಡುಕುವ ಕೆಲಸ. ಅದಕ್ಕೆ ಮನೆಯಲ್ಲೇ ಸಾಕಷ್ಟು ತರಬೇತಿ ಆಗಿತ್ತೆಂದು ಹೆಂಡತಿಯ ಷರಾ.

ಆರು ತಿಂಗಳ ಬಳಿಕ ಒಂದು ಸಂಜೆ ಬಾಗಿಲ ಸದ್ದಾಯಿತು. ಟಕ್ ಟಕ್. ಒಂದು ಉಸಿರಿನಷ್ಟು ತಡ. ಟಕ್. ಅವಳು ಬೇಕೆಂದೇ ಸೌಟು ಹಿಡಿದು ಬಾಗಿಲು ತೆಗೆದಳು. ಅವನ ತುಟಿಯ ಒಂದು ತುದಿ ಮೇಲೇರಿತು. ಅವಳಿಗೆ ಅಷ್ಟು ಸಾಕಾಗಿತ್ತು.

ಬೆಸುಗೆ ಹಾಕುವ ಅಣ್ಣಂದಿರೇ, ತಮ್ಮಂದಿರೇ, ಅವರ ಮನೆಯವರೇ, ಹೊಗೆ ಏಳುವ ದಾರಿಯಿಂದ ಮುಖವನ್ನು ಪಕ್ಕಕ್ಕಿಡಿ. ಹೊಗೆ ಹೀರುವ ಕೊಳವೆಯನ್ನೂ ಹೊಗೆ ತಡೆಯುವ ಮುಖಗವಸನ್ನೂ ಮಾಲೀಕರಲ್ಲಿ ಒಟ್ಟಾಗಿ ಕೇಳಿ. ಸಹಿ ಕುಗ್ಗಿದರೆ, ಹೆಜ್ಜೆ ತಡವರಿಸಿದರೆ, ನಗು ಮಾಯವಾದರೆ ವಯಸ್ಸನ್ನು ದೂರಬೇಡಿ. ವೈದ್ಯರ ಬಳಿ ಹೋಗಿ, ನಿಮ್ಮ ಕೆಲಸವೇನೆಂದು ಮೊದಲು ಹೇಳಿ. ಹೊಗೆಯಲ್ಲಿ ಅಡಗಿದ ಆ ಲೋಹದ ಕಳ್ಳನ ಹೆಸರು ಆಗ ಅವರಿಗೆ ಹೊಳೆಯುತ್ತದೆ. ನೀವೂ ತಿಳಿದಿರಿ:

ಮ್ಯಾಂಗನೀಸ್.